ಒಂದೇ ಬಾಗಿಲ ಹಾಲ್

ನಾನು ಶಾಲೆ ಬಿಟ್ಟದ್ದು ೧೯೯೯ರಲ್ಲಿ, ಆರನೆಯ ತರಗತಿಯ ಅರ್ಧಕ್ಕೆ. ಅಪ್ಪನ ಸೊಂಟ ಹೋಗಿತ್ತು. ಗೌಂಡಿಯಾಗಿದ್ದ ಅವನ ಗಾರೆ ಮೆತ್ತುವ ಕರಣಿ ನನ್ನ ಕೈಗೆ ಬಂತು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಿ ಹೋದರೂ ನಾನು ಎಬ್ಬಿಸಿದ ಗೋಡೆಗಳಿವೆ. ಒಂದೂ ವಾಲಿಲ್ಲ. ಆದರೆ ಗೆಳೆಯರಿಗೆ ಮಾತ್ರ ‘ಹತ್ತನೇತ್ತ ಫೇಲು’ ಎಂದೇ ಹೇಳಿಕೊಂಡು ಬಂದಿದ್ದೆ. ಹತ್ತನೇ ತರಗತಿ ಫೇಲಾದವನನ್ನು ಜನ ಓದಿದವರ ಲೆಕ್ಕಕ್ಕೆ ಹಿಡಿಯುತ್ತಾರೆ.

ಹೋದ ವರ್ಷ ಕೊಪ್ಪಳದಲ್ಲಿ ಚಿತ್ರಕಲೆಯ ಮ್ಯೂಸಿಯಂ ಒಂದು ತೆರೆಯಿತು. ಅದರ ದೊಡ್ಡ ಹಾಲ್‌ನ ಗೋಡೆಗಳು ನಾನು ಕಟ್ಟಿದವು. “ನೀ ಕಟ್ಟಿದ್ದು ತೋರ್ಸಲೇ ಗೌಂಡಿ” ಎಂದು ಇಬ್ಬರು ಗೆಳೆಯರು ಗಂಟುಬಿದ್ದರು. ಒಬ್ಬ ಸಾಲಿ ಮಾಸ್ತರ, ಇನ್ನೊಬ್ಬ ಬಸ್ ಕಂಡಕ್ಟರ್. ಒಂದು ಸಂಜೆ ಹೋದೆವು.

ಒಳಗೆ ದೇವರ ಚಿತ್ರಗಳೂ ಇವೆ ಎಂದು ಮೂವರೂ ಬಾಗಿಲಲ್ಲೇ ಚಪ್ಪಲಿ ಬಿಟ್ಟೆವು. ಕಾವಲುಗಾರ ನಕ್ಕ. “ಗುಡಿ ಅಲ್ರೀ ಇದು. ಇರ್ಲಿ, ಎಲ್ಲಾ ನೋಡಿ ಹೊಳ್ಳಿ ಹೋಗೂ ಮುಂದ ಈ ಬುಕ್ಕ ತುಂಬಿ ಹೋಗ್ರಿ.” ಮೇಜಿನ ಮೇಲೆ ರಿಜಿಸ್ಟರ್ ತೆರೆದಿತ್ತು. ಹೆಸರು, ಊರು, ಉದ್ಯೋಗ. ನಾಲ್ಕನೆಯ ಕಾಲಮ್ಮಿನಲ್ಲಿ ‘ಎಷ್ಟು ಓದಿದ್ದೀರಿ?’ ಎಂದಿತ್ತು.

ಅಲ್ಲಿಂದ ಮುಂದೆ ನಾನು ಯಾವ ಚಿತ್ರವನ್ನೂ ನೋಡಲಿಲ್ಲ. ಬಾಯಲ್ಲಿ ಸುಳ್ಳು ಹೇಳುವುದು ರೂಢಿಯಾಗಿತ್ತು; ಈಗ ನಾನೇ ಕಟ್ಟಿದ ಗೋಡೆಗಳ ನಡುವೆ ನಿಂತು ಅದನ್ನು ಕೈಯಾರೆ ಬರೆಯಬೇಕು, ಇಲ್ಲವೇ ಗೆಳೆಯರ ಮುಂದೆ ನಿಜ ಬರೆಯಬೇಕು. ತಪ್ಪಿಸಿಕೊಳ್ಳೋಣವೆಂದರೆ ಹಾಲ್‌ಗೆ ಒಂದೇ ಬಾಗಿಲು. ಹಿಂದಿನ ಗೋಡೆಯಲ್ಲಿ ಇನ್ನೊಂದು ಬಿಟ್ಟಿದ್ದೆವು. ಆಮೇಲೆ ಕಟ್ಟಿಸುವವರು ಬೇಡವೆಂದರು, ಇಟ್ಟಿಗೆ ಇಟ್ಟು ಮುಚ್ಚಿದವನೂ ನಾನೇ. ಈಗ ಅಲ್ಲಿ ಕೊಡ ಹೊತ್ತ ಹೆಣ್ಣುಮಗಳ ಚಿತ್ರ ತೂಗುತ್ತಿತ್ತು. ಅದರ ಪಕ್ಕಕ್ಕೆ ನಿಂತು, ನನಗೇ ತಿಳಿಯದಂತೆ, ಆ ಮುಚ್ಚಿದ ಜಾಗದ ಮೇಲೆ ಕೈಯಾಡಿಸಿದೆ.

“ಅಣ್ಣಾರ, ಮುಟ್ಟಬ್ಯಾಡ್ರೀ!” ಕಾವಲುಗಾರ ಕೂಗಿದ.

“ಅಂವಾನ ಕಟ್ಟಿದ ಗ್ವಾಡಿರೀ ಅದು” ಎಂದ ಕಂಡಕ್ಟರ್.

“ಕಟ್ಟಿದವ್ರೂ ಮುಟ್ಟಂಗಿಲ್ರೀ.”

ಮಾಸ್ತರ ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕಂತೆ ಮಾಡಿದೆ.

ಒಂದೊಂದೇ ದೀಪ ಆರಿಸತೊಡಗಿದರು. ಮಾಸ್ತರ ಬಿ.ಎ., ಬಿ.ಎಡ್. ಎಂದು ದುಂಡಗೆ ಬರೆದ. ಕಂಡಕ್ಟರ್ ಪಿ.ಯು.ಸಿ. ಎಂದು ಗೀಚಿದ. ಆಮೇಲೆ ಇಬ್ಬರೂ ನನ್ನ ಎರಡು ಭುಜಕ್ಕೆ ಆತು ನಿಂತರು.

“ಬರಿಯಲೇ, ಹತ್ತು ಫೇಲ್ ಅಂತ. ನಾಚ್ಕಿ ಯಾಕ?” ಎಂದ ಮಾಸ್ತರ.

ಉದ್ಯೋಗದ ಕೆಳಗೆ ‘ಗೌಂಡಿ’ ಎಂದು ಬರೆದೆ. ಅದೇ ಕೈಯಿಂದ ಮುಂದಿನದನ್ನು ಸುಳ್ಳು ಬರೆಯಲು ಆಗಲಿಲ್ಲ. ‘ಆರನೇತ್ತ, ಅರ್ಧ’ ಎಂದು ಬರೆದು ಪೆನ್ನು ಇಟ್ಟೆ.

“ಆರಾ?” ಕಂಡಕ್ಟರ್ ಬಗ್ಗಿ ಓದಿದ. “ಇಷ್ಟ್ ವರ್ಷ ನಮ್ಗ ಹತ್ತರ ಟಿಕೆಟ್ ಹರದೀಯಲ್ಲೋ ಮಗನ!”

ಮಾಸ್ತರ ನಗಲಿಲ್ಲ. “ನನಗರ ಹೇಳಬೇಕಿತ್ತು” ಎಂದು ಚಪ್ಪಲಿ ಮೆಟ್ಟಿ ಮುಂದೆ ನಡೆದ. ಗಂಗಾವತಿಗೆ ಮರಳುವ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತ. ಅಂದಿನಿಂದ ನಮ್ಮ ಸಂಜೆಯ ಚಹಾಕ್ಕೆ ಬಂದಿಲ್ಲ. ಕಂಡಕ್ಟರ್ ಬರುತ್ತಾನೆ, ‘ಬಾರಲೇ ಅರ್ಧ ಟಿಕೆಟ್’ ಎಂದು ಕರೆಯುತ್ತಾನೆ.

ಈಗ ನನ್ನ ಬಳಿ ಇರುವುದು ಇಷ್ಟು: ಕರಣಿ ಮೂರು, ಗೋಡೆಯ ನೇರ ನೋಡುವ ಗುಂಡು ಒಂದು, ಕೈಕೆಳಗೆ ಆಳು ಐದು, ಓದು ಐದೂವರೆ ವರ್ಷದ್ದು, ಗೆಳೆಯ ಒಬ್ಬ.