ಗಂಜಿಯ ತಳದ ಬಿಳಿ ಪುಡಿ

ವಾಸಣ್ಣ ಮಾತು ಬಿಟ್ಟದ್ದು ಕಾಯಿಲೆಯಿಂದಲ್ಲ, ಕಾರವಾರದ ಮಾನಸಿಕ ಚಿಕಿತ್ಸಾಲಯವೊಂದರ ಅಧಿಕಾರಿಗಳು ಮಾಡಿಸಿದ ಮೋಸದಿಂದ. ಈ ಮಾತಿನ ಹೊಣೆ ಹೊತ್ತೇ ಬರೆಯುತ್ತಿದ್ದೇನೆ.

ಅದು 2006ರ ಮಳೆಗಾಲ. ಸಮಾಜಕಾರ್ಯದ ವಿದ್ಯಾರ್ಥಿನಿಯಾಗಿ ನಾನು ಅಲ್ಲಿ ತರಬೇತಿಗಿದ್ದೆ. ಹಾರವಾಡದ ಮೀನುಗಾರ ವಾಸಣ್ಣನವರ ಮನೆಗೆ ವಾರಕ್ಕೆರಡು ಸಲ ಹೋಗುವುದು ನನ್ನ ಕೆಲಸ. ಬೇರೆ ಯಾರಿಗೂ ಕೇಳಿಸದ ದನಿಗಳು ಅವರಿಗೆ ಕೇಳಿಸುತ್ತಿದ್ದವು. ಅನ್ನದಲ್ಲಿ ವಿಷವಿದೆ ಎಂದು ಅವು ಎಚ್ಚರಿಸುತ್ತಿದ್ದವು. ತಾವೇ ಸುಲಿದ ಬಾಳೆಹಣ್ಣು, ತಾವೇ ಕೆತ್ತಿದ ಎಳನೀರು ಬಿಟ್ಟರೆ ಅವರು ಏನನ್ನೂ ಮುಟ್ಟುತ್ತಿರಲಿಲ್ಲ.

ದೋಣಿಗಳು ದಡ ಸೇರಿದ್ದ ಕಾಲ. ಅವರು ಜಗಲಿಯಲ್ಲಿ ಹರಿದ ಬಲೆ ಸರಿಪಡಿಸುತ್ತಿದ್ದರು. ಚಿಕಿತ್ಸಾಲಯದವರು ಕೊಟ್ಟ ಪ್ರಶ್ನೆಪಟ್ಟಿಯನ್ನು ಚೀಲದಲ್ಲೇ ಬಿಟ್ಟು, ಬಲೆಯ ಇನ್ನೊಂದು ತುದಿ ಹಿಡಿದು ಕೂತೆ. ಮೂರು ವಾರ ಹರಿದ ಕಡೆಯೆಲ್ಲ ಗಂಟು ಹಾಕಿದೆ. ಆಮೇಲೊಂದು ದಿನ ನನ್ನ ಗಂಟು ನೋಡಿ ನಕ್ಕರು.

"ಅಕ್ಕೋರೆ, ಈ ಗಂಟಲ್ಲಿ ತಿಮಿಂಗ್ಲನೂ ತಪ್ಸ್ಕಂಡು ಹೋಗ್ತದೆ!" ಎಂದವರು ದನಿ ತಗ್ಗಿಸಿ ಕೇಳಿದರು, "ಅವ್ರು ಮಾತಾಡೂದು ನಿಮ್ಗೂ ಕೇಳ್ತದ್ಯಾ?"

"ನಂಗೆ ಕೇಳೂದಿಲ್ಲ ವಾಸಣ್ಣ. ನಿಮ್ಗೆ ಕೇಳ್ತದೆ ಅಂದ್ರೆ ನಂಬ್ತೆ. ನಿಮ್ಮ ಹತ್ರ ಸುಳ್ಳು ಮಾತ್ರ ಹೇಳೂದಿಲ್ಲ."

ಅಂದಿನಿಂದ ಅವರ ತಾಯಿ ಹೊನ್ನಮ್ಮ ಮಾಡಿದ ಗಂಜಿಯನ್ನು ಒಂದೇ ಪಾತ್ರೆಯಿಂದ ಇಬ್ಬರೂ ಉಂಡೆವು. ಮೊದಲ ತುತ್ತು ನನ್ನದು. ಒಂದು ಶುಕ್ರವಾರ ಅವರೇ ಅಂದರು: "ಸೋಮಾರ ಬಸ್ಸಲ್ಲಿ ನೀವು ಬದಿಗೆ ಕೂತ್ರೆ ಕಾರವಾರಕ್ಕೆ ಬತ್ತೆ. ಮಾತ್ರೆ ಡಾಕ್ಟ್ರ ಎದ್ರಿಗೇ ನುಂಗ್ತೆ."

ಸಂಭ್ರಮದಿಂದ ಚಿಕಿತ್ಸಾಲಯಕ್ಕೆ ಬಂದು ಹೇಳಿದೆ. "ಸೋಮವಾರದವರೆಗೆ ಯಾಕೆ ಕಾಯ್ಬೇಕು? ಮಾತ್ರೆ ಪುಡಿ ಮಾಡಿ ಗಂಜಿಗೆ ಹಾಕು ಅಂತ ತಾಯಿಗೆ ಹೇಳಿ ಕಳ್ಸಿಯಾಯ್ತು, ಇನ್ನು ಬದಲಿಸೂದಿಲ್ಲ" ಎಂದರು ಮೇಲ್ವಿಚಾರಕರು. ನಾನು ವಿರೋಧಿಸಿದೆ. "ನೀನು ಕಲೀಲಿಕ್ಕೆ ಬಂದವಳು, ಫೈಲು ಬರಿ." ಬರೆದೆ. ಆ ಸಂಜೆಯೇ ಹಾರವಾಡಕ್ಕೆ ಓಡಬೇಕಿತ್ತು, ಓಡಲಿಲ್ಲ.

ಮರುದಿನ ಹೋದಾಗ ಜಗಲಿಯಲ್ಲಿ ಗಂಜಿಯ ಬಟ್ಟಲಿತ್ತು. ತಳದಲ್ಲಿ ಬಿಳಿ ಪುಡಿ.

"ಆಸ್ಪತ್ರೆಯವ್ರೇ ಹೇಳದ್ರು ತಂಗಿ, ನಾ ಎಂತಾ ಮಾಡ್ಲಿ?" ಎಂದು ಹೊನ್ನಮ್ಮ ಬಾಗಿಲಲ್ಲಿ ಅಳುತ್ತಿದ್ದರು. ವಾಸಣ್ಣ ನನ್ನನ್ನು ಕೇಳಿದ್ದು ಒಂದೇ ಮಾತು: "ನಿಮ್ಗೆ ಗೊತ್ತಿತ್ತಾ ಅಕ್ಕೋರೆ?"

"ನಿನ್ನೆ ಗೊತ್ತಾಯ್ತು."

ಅವರು ಕೂಗಾಡಲಿಲ್ಲ. ಬಲೆಯಲ್ಲಿ ನಾನು ಹಾಕಿದ್ದ ಗಂಟುಗಳನ್ನು ಹುಡುಕಿ ಹುಡುಕಿ, ಒಂದೊಂದಾಗಿ ಕತ್ತರಿಸಿದರು.

ಸೋಮವಾರ ಅವರು ಕಾರವಾರಕ್ಕೆ ಹೋದರು, ಬರಲೊಲ್ಲೆ ಎಂದದ್ದಕ್ಕೆ ಕೈಕಾಲು ಕಟ್ಟಿಸಿಕೊಂಡು, ಚಿಕಿತ್ಸಾಲಯದ ಜೀಪಿನಲ್ಲಿ. ಮರಳಿದ ಮೇಲೆ ಯಾರೊಡನೆಯೂ ಮಾತಾಡಲಿಲ್ಲ, ತಾಯಿ ಕೊಟ್ಟ ನೀರನ್ನೂ ಕುಡಿಯಲಿಲ್ಲ. ವಿಷವಿದೆ ಎಂಬ ದನಿಗಳಿಗೆ ಸಾಕ್ಷಿ ಒದಗಿಸಿದವರು ನಾವು.

ಆ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ತಾನಾಗಿ ಬರುತ್ತೇನೆಂದ ಮನುಷ್ಯನಿಗೆ ಮೂರು ದಿನ ಏಕೆ ಕೊಡಲಿಲ್ಲವೆಂದು ಲಿಖಿತವಾಗಿ ಉತ್ತರಿಸಬೇಕು. ಊಟದಲ್ಲಿ ಕದ್ದು ಔಷಧ ಬೆರೆಸಲು ಮನೆಯವರಿಗೆ ಹೇಳುವುದನ್ನು ಕೂಡಲೇ ನಿಲ್ಲಿಸಬೇಕು. ಉತ್ತರದ ಮೊದಲ ಪ್ರತಿ ನನಗೆ ಬೇಡ, ಹಾರವಾಡದ ಆ ಜಗಲಿಗೆ ತಲುಪಲಿ. ವಾಸಣ್ಣ ಒಪ್ಪಿದರೆ ನಾನೇ ಅಲ್ಲಿಗೆ ಹೋಗಿ ಅದನ್ನು ಅವರಿಗೆ ಓದಿ ಹೇಳುತ್ತೇನೆ.