ಮಂಗಳಾಗೌರಿ ಟೀಚರ ಪಟ್ಟದ ಬೊಂಬೆ

ಭವಾನಿಪುರಂನ ಆ ಶಾಲೆಯಲ್ಲಿ ದಸರಾ ಎಂದರೆ ಮೂರನೇ ಕ್ಲಾಸಿನ ಮಂಗಳಾಗೌರಿ ಟೀಚರ್. ಮದುವೆಯಾಗಿ ಮೈಸೂರಿನಿಂದ ವಿಜಯವಾಡಕ್ಕೆ ಬರುವಾಗ ತಂದಿದ್ದ ಪಟ್ಟದ ಬೊಂಬೆಗಳನ್ನು, ರಾಜ ರಾಣಿಯರನ್ನು, ರಜೆ ಶುರುವಾಗುವ ಮುಂಚೆ ಕ್ಲಾಸಿನಲ್ಲಿ ಮೆಟ್ಟಿಲು ಕಟ್ಟಿ ಕೂರಿಸುತ್ತಿದ್ದಳು. "ನೋಡಿ, ಮುಟ್ಟಬೇಡಿ" ಎಂದು ಬೆತ್ತ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದಳು. ಇಡೀ ಶಾಲೆ ಸಾಲುಗಟ್ಟಿ ಬಂದು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಪರವೂರಿನಲ್ಲಿ ಅವಳಿಗೆ ಸಿಕ್ಕಿದ್ದ ದೊಡ್ಡಸ್ತಿಕೆ ಅದೊಂದೇ.

ಎಂಬತ್ತೊಂಬತ್ತರಲ್ಲಿ ವಿಶಾಖಪಟ್ಟಣದಿಂದ ಗಂಗಾಭವಾನಿ ನಾಲ್ಕನೇ ಕ್ಲಾಸಿಗೆ ಟೀಚರಾಗಿ ಬಂದಳು. ಮರುವರ್ಷ ಸಂಕ್ರಾಂತಿ ಹತ್ತಿರವಾದಾಗ ತನ್ನ ಕ್ಲಾಸಿನಲ್ಲೂ ಬೊಂಬೆ ಕೂರಿಸುತ್ತೇನೆಂದಳು. ಮಂಗಳಾಗೌರಿಗೆ ಮೈಯೆಲ್ಲ ಉರಿಯಿತು.

"ಅಲ್ಲಾರೀ, ಸಂಕ್ರಾಂತಿಗೆ ಯಾರಾದ್ರೂ ಬೊಂಬೆ ಕೂರಿಸ್ತಾರಾ?" ಎಂದು ಗಂಡನ ಮೇಲೆ ಹಾರಿದಳು.

"ಇಲ್ಲಿ ಸಂಕ್ರಾಂತಿಗೇ ಕಣೇ. ನಮ್ಮಮ್ಮನೂ ಕೂರಿಸ್ತಿದ್ಲು ಕದಾ," ಎಂದು ತೆಲುಗಿನವನಾದ ರಾಮಮೋಹನ್ ಪೇಪರಿನಿಂದ ತಲೆ ಎತ್ತದೆ ಹೇಳಿದ.

ಆ ವಾರವೆಲ್ಲ ಶಾಲೆಯಲ್ಲಿ ಪಕ್ಕದ ಕ್ಲಾಸಿನ ಗಲಾಟೆ, ನಗು ಗೋಡೆ ದಾಟಿ ಬರುತ್ತಿತ್ತು. ತನ್ನ ಮಕ್ಕಳ ಕಿವಿಯೂ ಅತ್ತಲೇ ಇತ್ತು. ಅವಳು ಕಿಟಕಿ ಮುಚ್ಚಿಸಿದಳು. ಕೊನೆಗೆ ತಡೆಯಲಾರದೆ, ಏನಾದರೂ ಹುಳುಕು ಸಿಕ್ಕೀತೆಂದು ತಾನೇ ಎದ್ದು ಹೋದಳು.

ಹುಳುಕು ಬೇಕಾದಷ್ಟಿತ್ತು. ಮಕ್ಕಳು ಮನೆಯಿಂದ ತಂದದ್ದೆಲ್ಲ ಮೆಟ್ಟಿಲ ಮೇಲಿತ್ತು. ಕೊಂಡಪಲ್ಲಿಯ ಮರದ ಆನೆಯ ಪಕ್ಕ ಚಕ್ರ ಕಳಚಿದ ಲಾರಿ, ಕೃಷ್ಣನ ಪಕ್ಕ ಕ್ರಿಸ್‌ಮಸ್ ಗೋದಲಿಯ ಕುರಿಮರಿ. ಇದೂ ಒಂದು ಬೊಂಬೆ ಕೂರಿಸುವ ಚಂದವೇ ಎಂದು ಹೊಟ್ಟೆ ತಣ್ಣಗಾಗುವಷ್ಟರಲ್ಲಿ ಕಣ್ಣು ನೆಲಕ್ಕೆ ಹೋಯಿತು. ಮೆಟ್ಟಿಲ ಮುಂದೆ ಮೆಂತ್ಯದ ಹಸಿರು ಪೈರು, ನಡುವೆ ಕನ್ನಡಿಯ ಕೆರೆ. ಮಸ್ತಾನ್‌ಬಿ ಕೂತು ನೀರು ಚಿಮುಕಿಸುತ್ತಿದ್ದಳು.

ಹಿಂದಿನ ವರ್ಷ ಆ ಹುಡುಗಿ ಇವಳ ಕ್ಲಾಸಿನಲ್ಲೇ ಇದ್ದಳು. ಮುಸಲ್ಮಾನರ ಮನೆಯವಳು, ಬೊಂಬೆ ಅವರಿಗೆ ಆಗಿಬರುವುದಿಲ್ಲ, ಸುಮ್ಮನೆ ಯಾಕೆ ಮುಜುಗರ ಎಂದು ದಸರಾ ಬೊಂಬೆ ಇಟ್ಟಾಗ ಹೊರಗೆ ಜಗಲಿಯಲ್ಲಿ ಚಿತ್ರ ಬರೆಯಲು ಕೂರಿಸಿದ್ದಳು; ಈ ದಸರೆಗೂ ಸಾಲಿಗೆ ಸೇರಿಸಿರಲಿಲ್ಲ. ಅದು ತಾನು ತೋರಿಸಿದ ಮರ್ಯಾದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಇದ್ದಳು.

"ಬನ್ನಿ, ಗೌರಿಗಾರೂ," ಎಂದು ಕರೆದ ಗಂಗಾಭವಾನಿ ತೆಲುಗಿನಲ್ಲೇ ಮುಂದುವರಿಸಿದಳು: "ತೋಟ ನಮ್ಮ ಮಸ್ತಾನ್‌ಬಿದು. ಏನು ಮಾಡಿಸಬಹುದು ಅಂತ ಅವಳಪ್ಪನ್ನ ಕೇಳಿದೆ. ಬೊಂಬೆ ಇಡೋದು ಬೇಡಮ್ಮಾ, ಗಿಡ ಬೆಳೆಸಲಿ ಅಂದ್ರು."

ಅವಳಪ್ಪನನ್ನು ಒಂದು ಮಾತು ಕೇಳಿದ್ದು, ಅಷ್ಟೇ. ಆ ಒಂದು ಮಾತು ತನಗೆ ಹೊಳೆಯದೆ ಇವಳಿಗೆ ಹೊಳೆಯಿತಲ್ಲ. ಮಂಗಳಾಗೌರಿ ಹುಡುಗಿಯ ಪಕ್ಕ ಕೂತು ತೆಲುಗಿನಲ್ಲಿ ಮೆಲ್ಲಗೆ ಕೇಳಿದಳು: "ಹೋದ ವರ್ಷ ನಿಂಗೆ ಬೇಜಾರಾಗಿತ್ತೇನಮ್ಮಾ?"

"ಇಲ್ಲ ಟೀಚರ್. ಕಿಟಕಿಯಿಂದ ನೋಡ್ತಿದ್ದೆ. ರಾಣಿ ಕಾಣ್ತಿದ್ಲು. ರಾಜ ಮಾತ್ರ ಕಾಣ್ತಿರಲಿಲ್ಲ."

ಮಾರನೆಯ ಬೆಳಗ್ಗೆ ಮಂಗಳಾಗೌರಿ ಪಟ್ಟದ ಬೊಂಬೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಾಲ್ಕನೇ ಕ್ಲಾಸಿಗೆ ಬಂದಳು. ಗಂಗಾಭವಾನಿಯ ಮುಖ ನೋಡಲಿಲ್ಲ. ಅಷ್ಟು ಬೇಗ ಆರುವ ಉರಿ ಅದಲ್ಲ. ಕೆಳಗಿನ ಮೆಟ್ಟಿಲಲ್ಲಿ, ತೋಟದ ದಡದಲ್ಲೇ ರಾಜ ರಾಣಿಯರನ್ನು ಕೂರಿಸಿ ಮಸ್ತಾನ್‌ಬಿಯನ್ನು ಹತ್ತಿರ ಕರೆದಳು.

"ಈಗ ರಾಜ ಕಾಣ್ತಾನಾ?"

ಹುಡುಗಿಯ ಮುಖ ಅರಳಿತು. ಓಡಿ ಬಂದವಳು ಬೊಂಬೆಯ ಮುಂದೆ ಗಕ್ಕನೆ ನಿಂತು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ಮುಟ್ಟಲ್ಲ ಟೀಚರ್," ಎಂದಳು. ಅದೂ ಗಂಗಾಭವಾನಿಯ ಎದುರಿಗೆ.