ಬೇಲಿಯಿಂದ ಕಿತ್ತ ಗೌರಿ ಹೂ

ಮಂಡ್ಯದ ನಮ್ಮ ಎದುರುಮನೆಯಾಕೆ ಮೊನ್ನೆ ಒಂದು ಹೂಕುಂಡ ತರಿಸಿ ಜಗಲಿಯ ಮೇಲಿಟ್ಟಿದ್ದಾರೆ. ವರ್ಗವಾಗಿ ಹೋದ ಯಾರೋ ಸಾಹೇಬರು ಬಿಟ್ಟುಹೋದದ್ದಂತೆ. ಬಿದಿರುಕಡ್ಡಿಗೆ ಹಬ್ಬಿದ ಬಳ್ಳಿ. ಎಲೆಯ ತುದಿಯೇ ಸುರುಳಿಯಾಗಿ ಕಡ್ಡಿಯನ್ನು ಹಿಡಿದುಕೊಂಡಿದೆ. ದಳಗಳೆಲ್ಲ ಮೇಲಕ್ಕೆ ತಿರುಗಿವೆ, ಬುಡ ಹಳದಿ, ತುದಿ ಕೆಂಪು. "ನೋಡಿ, ಎಷ್ಟು ಲಕ್ಷಣವಾಗಿದೆ!" ಎಂದರು. ಲಕ್ಷಣವಾಗಿದೆ ಎಂದೆ. ಒಳಗೆ ಬಂದು ಹಾಲಿನ ಪಾತ್ರೆಯನ್ನು ಕುಕ್ಕಿದ ರಭಸಕ್ಕೆ ಅದರ ತಳ ನೆಗ್ಗಿತು. ಒಂದು ಹೂವಿನ ಮೇಲೆ ಇಷ್ಟು ಸಿಟ್ಟೇ ಎಂದು ನೀವು ಕೇಳಬಹುದು. ಹೂವಿನ ಮೇಲಲ್ಲ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ. ನನ್ನ ನೆನಪನ್ನು ಮಾತ್ರ ಪೂರ್ತಿ ನಂಬಬೇಡಿ. ನಾನೇ ನಂಬುವುದಿಲ್ಲ.

ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಮಗ್ಗುಲಲ್ಲಿ. ಅಲ್ಲಿ ಈ ಬಳ್ಳಿ ಕಳ್ಳಿಬೇಲಿಯಲ್ಲಿ ತಾನಾಗಿ ಏಳುತ್ತಿತ್ತು. ಗೌರಿಹಬ್ಬದ ದಿನ ಹೂ ಕೊಯ್ಯುತ್ತಿದ್ದೆವು, ಅದಕ್ಕೇ ಗೌರಿ ಹೂ. ಮಿಕ್ಕ ದಿನ ಅದನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ದನ ಮೂಸುತ್ತಿರಲಿಲ್ಲ. ಗೆಡ್ಡೆ ವಿಷ, ಮುಟ್ಟಬೇಡಿ ಎಂದು ಮಕ್ಕಳನ್ನು ಗದರುತ್ತಿದ್ದರು. ಅದರ ಲೆಕ್ಕ ಇಟ್ಟಿದ್ದವಳು ಸೂಲಗಿತ್ತಿ ಚೆನ್ನಜ್ಜಿ ಒಬ್ಬಳೇ. ಹೆರಿಗೆ ತಡವಾದರೆ ಅವಳು ಬೇಲಿಗೆ ಹೋಗಿ ಗೆಡ್ಡೆ ಅಗೆಯುತ್ತಿದ್ದಳು. ಅದು ಪುಟ್ಟ ನೇಗಿಲಿನ ಹಾಗೆ ಎರಡು ಕವಲು. ಒಂದು ಕವಲನ್ನು ಮುರಿದುಕೊಂಡು ಇನ್ನೊಂದನ್ನು ಅದೇ ಗುಂಡಿಗೆ ಹಾಕಿ, ಮಣ್ಣೆಳೆದು, ಕಾಲಿನಿಂದ ತುಳಿದು ಬರುತ್ತಿದ್ದಳು. "ಇನ್ನೊಬ್ಳು ಬಸುರಿ ಇರಲ್ವಾ ಊರಲ್ಲಿ?" ಎನ್ನುವಳು. ಅರೆದು ಅಂಗಾಲಿಗೆ ಹಚ್ಚುವುದು, ಮಗು ಬಿದ್ದ ಕೂಡಲೇ ಬಿಸಿನೀರಲ್ಲಿ ತೊಳೆಯುವುದು. ತೊಳೆಯದಿದ್ದರೆ ಕರುಳೂ ಕೆಳಗೆ ಬಂದುಬಿಡುತ್ತದೆಂದು ಅವಳ ನಂಬಿಕೆ.

ಊರಿಂದ ಒಂದು ಮೈಲಿಯಲ್ಲಿ ನಾಲೆ ಎಂಜಿನಿಯರರ ಬಂಗಲೆ. ಅವರ ಹೆಂಡತಿ ಮೈಸೂರಿನವರು, ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದರು. ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ನಮ್ಮ ಬೇಲಿಯ ಹೂವಿನ ಚಿತ್ರ ನೋಡಿ ಅವರಿಗೆ ಅದು ಲಿಲ್ಲಿ ಎಂದು ಗೊತ್ತಾಗಿತ್ತು. ತೋಟಕ್ಕೆ ಬೇಕು ಎಂದು ಮುಂಗಾರಿನ ಮೊದಲಲ್ಲೇ ಮಾಲಿಯನ್ನು ಊರಿಗೆ ಕಳಿಸಿದರು. ಆಗ ನನಗೆ ಹದಿನೇಳು. ಲೋಯರ್ ಸೆಕೆಂಡರಿ ಪಾಸಾದ ಹುಡುಗಿ ಊರಿಗೆಲ್ಲ ನಾನೊಬ್ಬಳೇ. ಆ ಠೀವಿಯ ಭಾರಕ್ಕೆ ಕತ್ತು ಯಾವಾಗಲೂ ಸ್ವಲ್ಪ ಹಿಂದಕ್ಕೆ ವಾಲಿರುತ್ತಿತ್ತು.

"ಓದಿರೋ ಉಡುಗಿ ಒಬ್ಳವ್ಳಂತೆ, ಅವಳ್ನೇ ಕೇಳು ಅಂದ್ರು ಅಮ್ಮಾವ್ರು," ಎಂದ ಮಾಲಿ.

ಅಷ್ಟು ಸಾಕಾಯಿತು. ಅಮಲ್ದಾರರ ಹಾಗೆ ಮುಂದೆ ಮುಂದೆ ನಡೆದೆ. ಇಲ್ಲಿ ನೋಡು, ಇಲ್ಲೂ ಇದೆ, ಆ ಕಳ್ಳಿಯ ಹಿಂದೆ ಇನ್ನೂ ಮೂರು ಮೊಳಕೆ. ಸಂಜೆಯೊಳಗೆ ಎರಡು ಮಂಕರಿ ತುಂಬಿತು. ಒಂದು ಕವಲನ್ನೂ ಅವನು ಮಣ್ಣಿಗೆ ಹಿಂತಿರುಗಿಸಲಿಲ್ಲ. ಅದನ್ನು ನಾನು ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ. ಇದಿಷ್ಟು ನೆನಪು ಮಸುಕಾಗಿಲ್ಲ, ಮಸುಕಾಗಿದ್ದರೆ ಒಳ್ಳೆಯದಿತ್ತು.

ಗೌರಿಹಬ್ಬಕ್ಕೆ ವಾರವಿದ್ದಾಗ ನನ್ನ ಅತ್ತಿಗೆ ಕೆಂಪಮ್ಮನಿಗೆ ನೋವು ಶುರುವಾಯಿತು. ಚೊಚ್ಚಲು. ಎರಡನೆಯ ದಿನ ಹೊತ್ತು ನೆತ್ತಿಗೇರಿದರೂ ಮಗು ಬರಲಿಲ್ಲ. ಬೇಲಿಗೆ ಹೋದ ಚೆನ್ನಜ್ಜಿ ಬರಿಗೈಯಲ್ಲಿ ಬಂದಳು.

"ಯಾವ್ ಮನೆಹಾಳ ಅಗುದ್ಬುಟ್ಟವ್ನೆ? ಒಂದು ಗೆಡ್ಡೆನೂ ಬುಟ್ಟಿಲ್ಲ ಕಣವ್ವ!"

ಯಾರೆಂದು ನಾನು ಹೇಳಲಿಲ್ಲ. "ಬಂಗ್ಲೇಲಿ ಅದೆ, ನಾನು ತತ್ತೀನಿ," ಎಂದು ಓಡಿದೆ.

ಬಂಗಲೆಯ ಗೇಟಿನಿಂದ ವೆರಾಂಡದವರೆಗೆ ಕಮಾನು ಕಟ್ಟಿ ಬಳ್ಳಿ ಹಬ್ಬಿಸಿದ್ದರು. ನಮ್ಮ ಬೇಲಿಯಷ್ಟೂ ಅಲ್ಲಿ ಹೂ ಬಿಟ್ಟು ನಿಂತಿತ್ತು. ಅಮ್ಮಾವ್ರು ಹೊರಗೆ ಬಂದರು. ನೀಲಿ ಸೀರೆ ಉಟ್ಟಿದ್ದರು. ನೀಲಿ ಎಂದು ಬರೆದುಬಿಟ್ಟೆ, ಗೊತ್ತಿಲ್ಲ, ಹೊಡೆದುಹಾಕಿ. ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದೆ: ಅತ್ತಿಗೆ, ಎರಡು ದಿನ, ಒಂದೇ ಒಂದು ಕವಲು ಸಾಕು.

"ಅಯ್ಯೋ ಪಾಪ," ಎಂದರು. "ಆದ್ರೆ ಹೂ ಬಿಟ್ಟಿರೋವಾಗ ಯಾರಾದ್ರೂ ಗೆಡ್ಡೆ ಕೀಳ್ತಾರೇನಮ್ಮ? ಬಳ್ಳಿಯೆಲ್ಲ ಬಾಡಿಹೋಗುತ್ತೆ. ನಾಡಿದ್ದು ದೊಡ್ಡ ಸಾಹೇಬರು ಟೀಗೆ ಬರ್ತಿದ್ದಾರೆ. ಅವರು ಬಂದು ಹೋಗ್ಲಿ, ಆಮೇಲೆ ಬಾ."

"ನಾಡಿದ್ದಕ್ಕೆ ಆಗಲ್ಲ ಅಮ್ಮಾವ್ರೇ."

"ಹಾಗಂದ್ರೆ ಹೇಗೆ?" ಎಂದವರು ಒಳಗಿಂದ ಕತ್ತರಿ ತಂದು, ಹಿಂದುಗಡೆ ಯಾರ ಕಣ್ಣಿಗೂ ಬೀಳದ ಕಡೆ ಎರಡು ಹೂ ಕತ್ತರಿಸಿ ನನ್ನ ಕೈಗಿಟ್ಟರು. "ತಗೋ, ಹಬ್ಬಕ್ಕೆ ಇಟ್ಕೋ."

ನಾನು ಏನು ಮಾಡಿದೆ ಗೊತ್ತೆ? ತೆಗೆದುಕೊಂಡೆ. ತೆಗೆದುಕೊಂಡು "ಥ್ಯಾಂಕ್ಸ್" ಎಂದೆ. ಮದ್ದೂರಿನ ಸ್ಕೂಲಿನಲ್ಲಿ ಕಲಿತ ಮಾತನ್ನು ಜೀವನದಲ್ಲಿ ಮೊದಲ ಸಲ ಸರಿಯಾದ ಉಚ್ಚಾರದಲ್ಲಿ ಅಂದದ್ದು ಅವತ್ತು. ಕಮಾನಿಗೆ ಕೈಹಾಕಿ ಒಂದು ಬುಡ ಎಳೆದಿದ್ದರೆ ನನ್ನನ್ನು ಹಿಡಿಯುವವರು ಯಾರಿದ್ದರು? ಮಾಲಿ ಊಟಕ್ಕೆ ಹೋಗಿದ್ದ.

ಚೆನ್ನಜ್ಜಿ ಹೂಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಇದ ಏನ್ ಮಾಡ್ಲಿ? ಅವಳ ತುರುಬಿಗೆ ಮುಡುಸ್ಲಾ? ಗಾಡಿ ಕಟ್ಟಿ, ಮಂಡ್ಯದ ಆಸ್ಪತ್ರೆಗಾದ್ರೂ ಒಯ್ಯಿರ್ಲಾ!"

ಅಣ್ಣ ಗಾಡಿ ಕಟ್ಟಿದ. ಮದ್ದೂರು ಸೇರುವ ಮೊದಲೇ, ಗಾಡಿಯಲ್ಲೇ ಹೆರಿಗೆಯಾಯಿತು. ಗಂಡುಮಗು. ಅಳಲಿಲ್ಲ. ಅತ್ತಿಗೆ ಉಳಿದಳು, ಮತ್ತೆ ಬಸುರಾಗಲಿಲ್ಲ.

ಹೋದ ವರ್ಷ ಒಬ್ಬ ಲೇಡಿ ಡಾಕ್ಟರನ್ನು ಕೇಳಿದೆ. ಅಂಗಾಲಿಗೆ ಏನು ಹಚ್ಚಿದ್ದರೂ ಅಷ್ಟೇ, ಗಾಡಿಯನ್ನು ಹಿಂದಿನ ದಿನವೇ ಕಟ್ಟಬೇಕಿತ್ತು ಎಂದರು. ಇರಬಹುದು. ಆದರೆ ಅದು ನನ್ನ ಸಿಟ್ಟಿಗೆ ಉತ್ತರವಲ್ಲ. ಅಮ್ಮಾವ್ರು "ಅದು ವಿಷ ಕಣಮ್ಮ, ಕೊಡಲಾರೆ" ಎಂದಿದ್ದರೆ ಇವತ್ತು ಅವರಿಗೆ ಕೈಮುಗಿಯುತ್ತಿದ್ದೆ. ನೆನಪಿನಲ್ಲಿ ಅವರ ಬಾಯಿಂದ ಆ ಮಾತು ಆಡಿಸಲು ಎಷ್ಟೋ ಸಲ ನೋಡಿದ್ದೇನೆ. ಸೀರೆಯ ಬಣ್ಣವನ್ನು ಬೇಕಾದ ಹಾಗೆ ಬದಲಾಯಿಸಬಲ್ಲ ಈ ನೆನಪು ಇಲ್ಲಿ ಮಾತ್ರ ಜಗ್ಗುವುದಿಲ್ಲ. ಅವರು ಟೀ ಎಂದೇ ಅನ್ನುತ್ತಾರೆ. ನಾನು ಥ್ಯಾಂಕ್ಸ್ ಎಂದೇ ಅನ್ನುತ್ತೇನೆ.

ಎದುರುಮನೆಯ ಕುಂಡ ನೋಡಿದ ಮರುದಿನವೇ ಬಸ್ಸು ಹತ್ತಿ ಊರಿಗೆ ಹೋದೆ. ಒಂಬತ್ತು ವರ್ಷ ನುಂಗಿಕೊಂಡಿದ್ದನ್ನು ಹೇಳಲೇಬೇಕಿತ್ತು. ಅತ್ತಿಗೆ ಪಡಸಾಲೆಯಲ್ಲಿ ಮೊರದ ತುಂಬ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು.

"ಅತ್ತಿಗೆ, ಮಾಲಿಗೆ ಬೇಲಿ ತೋರಿಸಿದ್ದು ನಾನೇ."

"ಗೊತ್ತು ಬುಡು," ಎಂದಳು. ಬೆರಳು ನಿಲ್ಲಲಿಲ್ಲ.

"ಯಾರು ಹೇಳಿದ್ರು?"

"ಅವನೇ ಯೋಳ್ದ, ಆ ವರ್ಸನೇ. ನಿಮ್ಮನೆ ಉಡುಗಿ ಬಲ್ ಚುರುಕು ಅಂತ ಒಗಳ್ದ."

"ಮತ್ತೆ ಒಂದು ದಿನಾನೂ ಯಾಕೆ ಕೇಳ್ಲಿಲ್ಲ? ಬೈಬೋದಾಗಿತ್ತಲ್ಲ ಅತ್ತಿಗೆ, ಹೊಡೀಬೋದಾಗಿತ್ತಲ್ಲ?"

ಆಗ ತಲೆಯೆತ್ತಿದಳು.

"ಬೈದಿದ್ರೆ ನೀನು ಅತ್ತುಬುಟ್ಟು ಅಗುರಾಗ್ಬುಡ್ತಿದ್ದೆ ಕಣಮ್ಮಿ."

ಅಷ್ಟು ಹೊತ್ತಿಗೆ ನಾನು ಅಳುವುದಕ್ಕೆ ಶುರುಮಾಡಿದ್ದೆ.

"ಇಲ್ಲಿ ಬ್ಯಾಡ," ಎಂದಳು ಅತ್ತಿಗೆ. "ಅಳೋದಾದ್ರೆ ಮಂಡ್ಯಕ್ಕೋಗಿ ಅಳು."

ಮೊರ ಎತ್ತಿಕೊಂಡು ಒಳಗೆ ಹೋದಳು.